ಇಲಿಗೆ ಬಾರದ ಕಾಯಿಲೆಯ ಬಣ್ಣದ ಚಿತ್ರಗಳು

ಮಿದುಳು ಸವೆಯುವ ಕಾಯಿಲೆಗಳ ಸಂಶೋಧನೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ತಳವೂರಿದೆ. ಇಲಿಯ ತಲೆಬುರುಡೆ ಒಡೆಯದೆ, ಅದನ್ನು ಕೊಲ್ಲದೆ, ತಿಂಗಳಿಗೊಮ್ಮೆ ಎಂಆರ್‌ಐ ಇಲ್ಲವೇ ಪೆಟ್ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರೆ ಸಾಕು, ಅಲ್ಝೈಮರ್ ಕಾಯಿಲೆ ಹುಟ್ಟುವುದು, ಹಬ್ಬುವುದು, ಔಷಧಿಗೆ ಬಗ್ಗುವುದು ಎಲ್ಲವೂ ಕಣ್ಣೆದುರು ಕಾಣುತ್ತದೆ ಎನ್ನುವುದು ಆ ನಂಬಿಕೆ. ಮನುಷ್ಯರಿಗೂ ಅದೇ ಯಂತ್ರ ಇರುವುದರಿಂದ ಇಲಿಯಲ್ಲಿ ಕಂಡದ್ದನ್ನು ನಾಳೆ ನಮ್ಮಲ್ಲೂ ಕಾಣಬಹುದು ಎಂಬುದು ಅದರ ಮುಂದುವರಿಕೆ. ಅನುದಾನದ ಅರ್ಜಿಗಳಲ್ಲಿ ಈ ಮಾತಿದೆ, ವಿಶ್ವವಿದ್ಯಾಲಯಗಳ ಪ್ರಕಟಣೆಗಳಲ್ಲಿದೆ, ಪತ್ರಿಕೆಗಳ ವಿಜ್ಞಾನ ಪುಟದಲ್ಲಂತೂ ಕೆಂಪು, ಹಳದಿ ಬಣ್ಣದ ಮಿದುಳಿನ ಸಮೇತ ಅಚ್ಚಾಗುತ್ತದೆ.

ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಚಿತ್ರಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಇಲಿಯೊಳಗೆ ನಾವೇ ಏನನ್ನು ಇಟ್ಟಿದ್ದೇವೋ ಅದನ್ನು ಅವು ಚೆನ್ನಾಗಿಯೇ ತೋರಿಸುತ್ತವೆ. ಅಲ್ಝೈಮರ್ ಕಾಯಿಲೆ ಮಾತ್ರ ಅಲ್ಲಿಲ್ಲ. ಇಲ್ಲದ್ದರ ಜಾಡು ಹಿಡಿದು ಮೂರು ದಶಕ ನಡೆದದ್ದಕ್ಕೆ ರೋಗಿಗಳು ಬೆಲೆ ತೆತ್ತಿದ್ದಾರೆ.

ತುಂಗಭದ್ರೆಯ ದಂಡೆಯ ಬುಕ್ಕಸಾಗರದಲ್ಲಿ ಕೂತು, ಬಾಳೆಯ ಧಾರಣೆ, ಕಾಲುವೆ ನೀರಿನ ಚಿಂತೆ ಬಿಟ್ಟು ಇಲಿಯ ಮಿದುಳಿನ ಉಸಾಬರಿ ಇವನಿಗೇಕೆ ಎಂದು ಕೇಳಬಹುದು. ಕಾಯಿಲೆ ಇರುವುದು ಇಲ್ಲಿ, ಅದಕ್ಕೆ. ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜಿಸಿತು. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ನಮ್ಮ ಕಡೆ ಇದಕ್ಕೆ ಅರವತ್ತರ ಅರಳು ಮರಳು ಎಂದು ಹೇಳಿ ಸುಮ್ಮನಾಗುವ ರೂಢಿ. ಸುಮ್ಮನಾಗದ ಮನೆಯವರು ಹೊಸಪೇಟೆಗೆ ಬಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ, ಬೆಳಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹೊರರೋಗಿ ಚೀಟಿಯ ಸಾಲಿನಲ್ಲಿ ನಿಲ್ಲುತ್ತಾರೆ. ವಾಪಸ್ಸು ಬರುವಾಗ ಕೈಯಲ್ಲಿ ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಪ್ಲಾಸ್ಟಿಕ್ ಚೀಲ ಇರುತ್ತದೆ. ಆ ಚೀಲ ವರ್ಷಗಟ್ಟಲೆ ಗೋಡೆಯ ಮೊಳೆಗೆ ನೇತಾಡುತ್ತದೆ. ಒಳಗಿನ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸಾಲು: ವಯಸ್ಸಿಗೆ ತಕ್ಕಷ್ಟು ಮಿದುಳು ಕುಗ್ಗಿದೆ.

ಈಗ ಇಲಿಯ ಸ್ಕ್ಯಾನಿಂಗ್ ಕೋಣೆಗೆ ಹೋಗೋಣ.

ಸುಂಡಿಲಿಯನ್ನು ಮೊದಲು ಗಾಜಿನಂಥ ಡಬ್ಬಿಯಲ್ಲಿಟ್ಟು ಐಸೊಫ್ಲುರೇನ್ ಆವಿ ಬಿಡುತ್ತಾರೆ. ಪ್ರಜ್ಞೆ ತಪ್ಪಿದ ಮೇಲೆ ಅದರ ಮುಂಬಲ್ಲನ್ನು ಪುಟ್ಟ ಪಟ್ಟಿಯೊಂದಕ್ಕೆ ಸಿಕ್ಕಿಸಿ, ಕಿವಿಯ ಎರಡೂ ಬದಿಗೆ ಕಡ್ಡಿ ಒತ್ತಿ, ತಲೆ ಅಲುಗದಂತೆ ಮಾಡುತ್ತಾರೆ. ರೆಪ್ಪೆ ಬಡಿಯದ ಕಣ್ಣು ಒಣಗದಿರಲೆಂದು ಮುಲಾಮು. ಹೊಟ್ಟೆಯಡಿ ಉಸಿರು ಎಣಿಸುವ ಗಾಳಿದಿಂಬು, ಮೈ ತಣ್ಣಗಾಗದಂತೆ ಬಿಸಿನೀರು ಹರಿಯುವ ಹಾಸು, ಮೂಗಿಗೆ ಅರಿವಳಿಕೆಯ ನಳಿಕೆ. ಆಸ್ಪತ್ರೆಯ ಎಂಆರ್‌ಐಗೆ 1.5 ಅಥವಾ 3 ಟೆಸ್ಲಾ ಶಕ್ತಿಯ ಅಯಸ್ಕಾಂತ ಸಾಕು. ಇಲಿಗೆ 7, 9.4, ಕೆಲವೊಮ್ಮೆ ಅದಕ್ಕೂ ಮಿಗಿಲಾದದ್ದು ಬೇಕು, ಏಕೆಂದರೆ ಅದರ ಇಡೀ ಮಿದುಳಿನ ತೂಕ ಅರ್ಧ ಗ್ರಾಂ. ನಮ್ಮದು 1,300 ಗ್ರಾಂ ದಾಟುತ್ತದೆ. ಪುಟ್ಟ ಪ್ರಾಣಿಗಳ ಪೆಟ್ ಯಂತ್ರಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರಿಗಿಂತ ಚಿಕ್ಕದನ್ನು ಬಿಡಿಸಿ ನೋಡಲು ಕಷ್ಟ. ಇಲಿಯ ಮಿದುಳಿನ ಅಗಲವೇ 1 ಸೆಂಟಿಮೀಟರ್ ಆಸುಪಾಸು. ಜೊತೆಗೆ ಇಲಿಯ ಕಣ್ಣಿನ ಹಿಂದೆ ಹಾರ್ಡೇರಿಯನ್ ಎಂಬ ಗ್ರಂಥಿ ಇದೆ, ದೊಡ್ಡವರಾದ ಮನುಷ್ಯರಲ್ಲಿ ಅದು ಇಲ್ಲ. ಪೆಟ್ ಚಿತ್ರಕ್ಕಾಗಿ ಚುಚ್ಚುವ ವಿಕಿರಣ ಔಷಧಿಯನ್ನು ಅದು ಹೀರಿಕೊಂಡು ಹೊಳೆಯುತ್ತದೆ, ಆ ಹೊಳಪು ಪಕ್ಕದ ಮಿದುಳಿಗೂ ಚೆಲ್ಲುತ್ತದೆ. ಅದನ್ನು ಲೆಕ್ಕ ಹಾಕಿ ಕಳೆಯಬೇಕು. ಇನ್ನು ಐಸೊಫ್ಲುರೇನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಮಿದುಳಿನ ರಕ್ತಸಂಚಾರವನ್ನು ಏರಿಸುತ್ತದೆ. ರೋಗದಿಂದ ರಕ್ತಸಂಚಾರ ಎಷ್ಟು ಇಳಿದಿದೆ ಎಂದು ಅಳೆಯಲು ಹೊರಟವರು ಮೊದಲು ಅದನ್ನು ಏರಿಸಿ ಕೂತಿರುತ್ತಾರೆ!

ಇವೆಲ್ಲ ತಾಂತ್ರಿಕ ತೊಡಕುಗಳು, ಪರಿಹಾರ ಇದೆ ಎನ್ನುತ್ತಾರೆ. ಒಪ್ಪೋಣ. ಪತ್ರಿಕೆಯಲ್ಲಿ ಬರುವ ಕೆಂಪು ಬಣ್ಣ ಮಿದುಳಿನಲ್ಲಿ ಇರುವುದಲ್ಲ, ಸಂಖ್ಯೆಗಳಿಗೆ ಕಂಪ್ಯೂಟರ್ ಬಳಿದದ್ದು ಎಂಬುದನ್ನೂ ಅವರು ಬಲ್ಲರು. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಲೆಕ್ಕಾಚಾರದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದೆ ಬಿಟ್ಟರೆ ಸತ್ತ ಮೀನಿನ ಮಿದುಳೂ ಚುರುಕಾಗಿ ಕೆಲಸ ಮಾಡುತ್ತಿರುವ ಚಿತ್ರ ಬರುತ್ತದೆ ಎಂದು ತೋರಿಸಿದರು. ಅದಕ್ಕೆ 2012ರಲ್ಲಿ ಇಗ್ ನೊಬೆಲ್ ಎಂಬ ಹಾಸ್ಯದ ಬಹುಮಾನವೂ ಬಂತು. ನನ್ನ ತಕರಾರು ಯಂತ್ರದ ಮೇಲಲ್ಲ. ಯಂತ್ರ ನಾಳೆ ಹತ್ತು ಪಟ್ಟು ಚುರುಕಾದರೂ ತಕರಾರು ಹಾಗೆಯೇ ಉಳಿಯುತ್ತದೆ.

ಇಲಿಗೆ ಅಲ್ಝೈಮರ್ ಕಾಯಿಲೆ ಬರುವುದಿಲ್ಲ. ಬದುಕುವುದೇ ಎರಡು ಮೂರು ವರ್ಷ. ಈ ಕಾಯಿಲೆಯ ಗುರುತಾದ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳು ಮುದಿ ಇಲಿಯ ಮಿದುಳಿನಲ್ಲಿ ತಾವಾಗಿ ಕಟ್ಟಿಕೊಳ್ಳುವುದೂ ಇಲ್ಲ, ಏಕೆಂದರೆ ಆ ಪ್ರೋಟೀನಿನಲ್ಲಿ ಇಲಿಗೂ ನಮಗೂ ಮೂರು ಅಮೈನೋ ಆಮ್ಲಗಳ ವ್ಯತ್ಯಾಸವಿದೆ. ಹಾಗಾಗಿ 1995ರಿಂದ ಈಚೆಗೆ ಮನುಷ್ಯನ ಕೆಟ್ಟ ಜೀನನ್ನು ಇಲಿಗೆ ಸೇರಿಸಿ ತಳಿಗಳನ್ನು ತಯಾರಿಸುತ್ತಾ ಬಂದಿದ್ದಾರೆ. 2006ರ ಒಂದು ಹೆಸರಾಂತ ತಳಿಯಲ್ಲಿ ಒಂದಲ್ಲ, ಐದು ರೂಪಾಂತರಗಳನ್ನು ಒಟ್ಟಿಗೆ ತುರುಕಿದ್ದಾರೆ. ಎರಡೇ ತಿಂಗಳಿಗೆ ಅದರ ಮಿದುಳಿನಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ. ಆ ಐದೂ ಕೂಡಿ ಬಂದ ಮನುಷ್ಯ ಭೂಮಿಯ ಮೇಲೆ ಹುಟ್ಟಿಲ್ಲ. ಅಂಥ ಒಂದು ರೂಪಾಂತರದಿಂದ ಬರುವ ವಂಶಪಾರಂಪರ್ಯದ ಅಲ್ಝೈಮರ್ ಕೂಡ ಒಟ್ಟು ಪ್ರಕರಣಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ. ಉಳಿದ ತೊಂಬತ್ತೊಂಬತ್ತು ಮಂದಿಯ ಕಾಯಿಲೆಗೆ ಬೇಕಾದದ್ದು ಎಪ್ಪತ್ತು ಎಂಬತ್ತು ವರ್ಷದ ಬಾಳು: ರಕ್ತದೊತ್ತಡ, ಸಕ್ಕರೆ, ಕಿವುಡು, ಒಂಟಿತನ, ಇವೆಲ್ಲದರ ಜೊತೆ ಹುಟ್ಟಿನಿಂದ ಬಂದದ್ದು.

ಇನ್ನೊಂದು ವಿಚಿತ್ರ ನೋಡಿ. ಮಿದುಳು ಸವೆಯುವ ಕಾಯಿಲೆ ಎಂಬ ಹೆಸರೇ ನರಕೋಶಗಳ ನಾಶವನ್ನು ಹೇಳುತ್ತದೆ. ಹೆಚ್ಚು ಬಳಕೆಯಲ್ಲಿರುವ ಹಲವು ಅಮೈಲಾಯ್ಡ್ ಇಲಿಗಳಲ್ಲಿ ಮಿದುಳಿನ ತುಂಬ ಗಂಟು ಇದ್ದರೂ ನರಕೋಶಗಳು ಹೇಳಿಕೊಳ್ಳುವಷ್ಟು ಸಾಯುವುದಿಲ್ಲ. ಸವೆಯದ ಮಿದುಳಿನಲ್ಲಿ ಸವೆತದ ಜಾಡು ಹಿಡಿಯುವುದು ಹೇಗೆ?

ಕಮಲಾಪುರದ ಪುರಾತತ್ವ ಮ್ಯೂಸಿಯಮ್ಮಿನಲ್ಲಿ ಹಂಪಿಯ ಬೆಟ್ಟ, ಗುಡಿ, ಕೋಟೆ, ಹೊಳೆ ಎಲ್ಲವನ್ನೂ ಚಿಕ್ಕದಾಗಿ ಮಾಡಿಟ್ಟ ಮಾದರಿಯೊಂದಿದೆ. ವಿಠ್ಠಲನ ಗುಡಿ ಎಲ್ಲಿ, ಆನೆಗೊಂದಿ ಎಲ್ಲಿ ಎಂದು ಹೊರಗಿನವರಿಗೆ ತಿಳಿಸಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಆ ಮಾದರಿಯ ಪಕ್ಕ ಕ್ಯಾಮೆರಾ ನೆಟ್ಟು ತುಂಗಭದ್ರೆಯ ನೆರೆ ಯಾವಾಗ ಬರುತ್ತದೆ ಎಂದು ಕಾದು ಕೂತರೆ? ಕ್ಯಾಮೆರಾ ಎಷ್ಟು ದುಬಾರಿ ಎಂಬುದರಿಂದ ಏನೂ ಬದಲಾಗದು.

ಯಂತ್ರ ಒಂದೇ ಆದ್ದರಿಂದ ಇಲಿಯಲ್ಲಿ ಕಂಡದ್ದೂ ಮನುಷ್ಯನಲ್ಲಿ ಕಂಡದ್ದೂ ಒಂದೇ ಎನ್ನುವವರಿಗೆ ಅವರದ್ದೇ ಕ್ಷೇತ್ರ ಹಿಂದೆಯೇ ಉತ್ತರ ಕೊಟ್ಟಿದೆ. ಜೀವಂತ ಮನುಷ್ಯರ ಮಿದುಳಿನಲ್ಲಿ ಅಮೈಲಾಯ್ಡ್ ಗಂಟನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ತೋರಿಸಿದ್ದು ಪಿಟ್ಸ್‌ಬರ್ಗ್ ಸಂಯುಕ್ತ ಬಿ ಎಂಬ ಪೆಟ್ ಔಷಧಿ. ಆ ಕೆಲಸ ಪ್ರಕಟವಾದದ್ದು 2004ರಲ್ಲಿ. ಮರುವರ್ಷವೇ ಅದೇ ಪಿಟ್ಸ್‌ಬರ್ಗ್ ತಂಡ ಅದನ್ನು ಗಂಟು ತುಂಬಿದ ಇಲಿಗಳಿಗೆ ಕೊಟ್ಟು ನೋಡಿತು. ಏನೂ ಹೊಳೆಯಲಿಲ್ಲ. ಇಲಿಯ ಗಂಟಿನಲ್ಲಿ ಆ ಔಷಧಿ ಬಿಗಿಯಾಗಿ ಅಂಟುವ ಜಾಗ ಸಾವಿರ ಅಮೈಲಾಯ್ಡ್ ಅಣುಗಳಿಗೆ ಒಂದೂ ಇರಲಿಲ್ಲ. ಹೆಸರು ಒಂದೇ, ಸೂಕ್ಷ್ಮದರ್ಶಕದಡಿ ನೋಟವೂ ಹತ್ತಿರದ್ದೇ, ಆದರೆ ವಸ್ತು ಬೇರೆ. ಇದನ್ನು ತಿಳಿದ ಮೇಲೆ ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ಕ್ಷೇತ್ರ ನಿಲ್ಲಲಿಲ್ಲ. ಇನ್ನೂ ತೀಕ್ಷ್ಣವಾದ ವಿಕಿರಣ ಔಷಧಿ ಬಳಸಿ ಇಲಿಯಲ್ಲೂ ಚಿತ್ರ ಬರುವಂತೆ ಮಾಡಿಕೊಂಡು ಮುಂದೆ ನಡೆಯಿತು. ಅದು ರಸಾಯನಶಾಸ್ತ್ರದ ಗೆಲುವು, ಒಪ್ಪುತ್ತೇನೆ.

ಈ ದಾರಿ ಎಲ್ಲಿಗೆ ಒಯ್ದಿತು ಎಂಬುದು ದಾಖಲೆಯಲ್ಲಿದೆ. 1999ರಲ್ಲಿ ಇಲಿಗಳಿಗೆ ಅಮೈಲಾಯ್ಡ್ ಲಸಿಕೆ ಹಾಕಿದಾಗ ಗಂಟು ಕರಗಿತು. ಲಸಿಕೆಯ ಹೆಸರು ಎಎನ್-1792. ಜಗತ್ತೇ ಕುಣಿಯಿತು. ಮನುಷ್ಯರಿಗೆ ಕೊಟ್ಟಾಗ ಸುಮಾರು 300 ಮಂದಿಯಲ್ಲಿ 18 ಮಂದಿಗೆ ಮಿದುಳಿನ ಉರಿಯೂತ ಬಂದು 2002ರ ಜನವರಿಯಲ್ಲಿ ಪ್ರಯೋಗ ನಿಂತಿತು. ಲಸಿಕೆ ಪಡೆದು ಆಮೇಲೆ ತೀರಿಕೊಂಡ ಕೆಲವರ ಮಿದುಳನ್ನು ಪರೀಕ್ಷಿಸಿದ ವರದಿ 2008ರಲ್ಲಿ ಬಂತು. ಕೆಲವರಲ್ಲಿ ಗಂಟು ಬಹುತೇಕ ಮಾಯವಾಗಿತ್ತು, ಆದರೂ ಅವರು ಕಡು ಡಿಮೆನ್ಷಿಯಾದಲ್ಲೇ ತೀರಿಕೊಂಡಿದ್ದರು. ಆಮೇಲಿನ ವೆರುಬೆಸೆಸ್ಟಾಟ್ ಎಂಬ ಮಾತ್ರೆ ಇನ್ನೂ ಕಹಿ ಪಾಠ. ಪ್ರಾಣಿಗಳಲ್ಲಿ ಅಮೈಲಾಯ್ಡ್ ಇಳಿಸಿದ ಹಾಗೆಯೇ ಮನುಷ್ಯರಲ್ಲೂ ಇಳಿಸಿತು. ಜೊತೆಗೆ ಅದನ್ನು ನುಂಗಿದವರ ಮಿದುಳು ತುಸು ಹೆಚ್ಚೇ ಕುಗ್ಗಿತು. ರೋಗ ಇನ್ನೂ ಮೊದಲ ಹಂತದಲ್ಲಿದ್ದವರಲ್ಲಿ ಜ್ಞಾಪಕದ ಅಂಕಗಳು ಮಾತ್ರೆ ನುಂಗದವರಿಗಿಂತ ಕೆಳಗಿಳಿದವು. 2002ರಿಂದ 2012ರವರೆಗಿನ ಅಲ್ಝೈಮರ್ ಔಷಧ ಪ್ರಯೋಗಗಳನ್ನು ಲೆಕ್ಕ ಹಾಕಿದವರು ಸೋಲಿನ ಪ್ರಮಾಣ ಶೇ. 99.6 ಎಂದರು. ಬೇರೆ ಯಾವ ವ್ಯವಹಾರದಲ್ಲಾದರೂ ಇಂಥ ಲೆಕ್ಕಪತ್ರ ಬಂದರೆ ಮೊದಲು ತಕ್ಕಡಿಯನ್ನೇ ಬದಲಿಸುತ್ತಾರೆ.

ಇಲ್ಲಿ ಎದುರಾಳಿಗಳು ಲೆಕಾನೆಮಾಬ್ ಹೆಸರು ತೆಗೆಯುತ್ತಾರೆ. ಅಮೈಲಾಯ್ಡ್ ತೆಗೆಯುವ ಈ ಪ್ರತಿಕಾಯದ ಚುಚ್ಚುಮದ್ದು 2023ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು, ಇಲಿಯ ದಾರಿ ಸರಿಯಿತ್ತು ಎನ್ನಲು ಇದೇ ಸಾಕ್ಷಿ ಎನ್ನುತ್ತಾರೆ. ಹದಿನೆಂಟು ತಿಂಗಳ ನಂತರ ಔಷಧಿ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 18 ಅಂಕಗಳ ಅಳತೆಯಲ್ಲಿ 0.45. ಮನೆಯವರ ಕಣ್ಣಿಗೆ ಅದು ಕಾಣುತ್ತದೆಯೇ ಎಂಬ ಜಗಳ ಇನ್ನೂ ಮುಗಿದಿಲ್ಲ. ನೂರರಲ್ಲಿ 12ಕ್ಕೂ ಹೆಚ್ಚು ಮಂದಿಗೆ ಮಿದುಳಿನಲ್ಲಿ ಬಾವು ಕಾಣಿಸಿಕೊಂಡಿತು. ಏನೂ ಇಲ್ಲದ ಕಡೆ ಇಷ್ಟಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಪಡುವವರನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಇಲಿಯ ಚಿತ್ರಗಳಲ್ಲಿ ಗಂಟು ಕರಗಿದ್ದಕ್ಕೂ ಇದಕ್ಕೂ ಇರುವ ಅಂತರವನ್ನು ಗೆಲುವು ಎಂದು ಕರೆಯುವುದು ಹೇಗೆ?

ಇಲಿ ಎಚ್ಚರಿಕೆಯನ್ನೇ ಕೊಡಲಿಲ್ಲ ಎಂದರೆ ಅನ್ಯಾಯವಾದೀತು. ಇಂಥ ಪ್ರತಿಕಾಯ ಚುಚ್ಚಿದ ಮುದಿ ಇಲಿಗಳ ಮಿದುಳಿನಲ್ಲಿ ರಕ್ತ ಸೋರಿಕೆ ಹೆಚ್ಚುತ್ತದೆ ಎಂಬ ವರದಿ 2002ರಲ್ಲೇ ಬಂದಿತ್ತು. ಮನುಷ್ಯರಲ್ಲಿ ಆಮೇಲೆ ಕಂಡದ್ದಕ್ಕೆ ಅದು ಹತ್ತಿರವಾಗಿತ್ತು. ಆದರೆ ಆ ಎಚ್ಚರಿಕೆ ಬಂದದ್ದು ಸ್ಕ್ಯಾನಿನಿಂದಲ್ಲ, ಗಾಜಿನ ಪಟ್ಟಿಯ ಮೇಲೆ ಹರಡಿದ ಮಿದುಳಿನ ಸೀಳುಗಳಿಂದ. ಅದು ಉತ್ತರಿಸಿದ ಪ್ರಶ್ನೆಯೂ ಬೇರೆಯೇ: ಈ ಔಷಧಿ ರಕ್ತನಾಳಕ್ಕೆ ಏನು ಮಾಡುತ್ತದೆ ಎಂಬುದು. ಇಲಿಗೆ ಕೇಳಬೇಕಾದ ಪ್ರಶ್ನೆ ಅಂಥದ್ದು.

ಈಗ ನಮ್ಮ ದೇಶದ ಮಾತು. 2012ರಲ್ಲಿ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಶ್ವಗಂಧದ ಬೇರಿನ ಸಾರವನ್ನು 30 ದಿನ ಅಲ್ಝೈಮರ್ ತಳಿಯ ಇಲಿಗಳಿಗೆ ಕುಡಿಸಿ ನೋಡಿದ ಲೇಖನ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಮಿದುಳಿನ ಅಮೈಲಾಯ್ಡ್ ಇಳಿಯಿತು, ಇಲಿಗಳ ನಡವಳಿಕೆ ಸುಧಾರಿಸಿತು, ಈ ಕೆಲಸ ನಡೆಯುವುದು ಮಿದುಳಿನ ಮೂಲಕವಲ್ಲ, ಪಿತ್ತಜನಕಾಂಗದ ಒಂದು ಪ್ರೋಟೀನಿನ ಮೂಲಕ ಎಂದು ಅವರು ತೋರಿಸಿದರು. ಶ್ರದ್ಧೆಯ ಕೆಲಸ, ಹೊಸ ಹೊಳಹು. ಆದರೆ ಶೀರ್ಷಿಕೆಯಲ್ಲಿ ಅಲ್ಝೈಮರ್ ಕಾಯಿಲೆಯ ವಿಕೃತಿಗಳನ್ನು ಅಶ್ವಗಂಧ ಹಿಮ್ಮೆಟ್ಟಿಸುತ್ತದೆ ಎಂದಿತ್ತು, ಇಲಿ ಎಂಬ ಶಬ್ದ ಇರಲಿಲ್ಲ. ಇದು ಒಬ್ಬರ ಚಾಳಿಯಲ್ಲ, ಇಡೀ ಕ್ಷೇತ್ರದ್ದು. ಇಲಿಗಳ ಮೇಲೆ ನಡೆದ ಆರುನೂರಕ್ಕೂ ಹೆಚ್ಚು ಅಲ್ಝೈಮರ್ ಲೇಖನಗಳನ್ನು ಜಾಲಾಡಿದ 2021ರ ಒಂದು ಅಧ್ಯಯನ, ಶೀರ್ಷಿಕೆಯಲ್ಲಿ ಇಲಿಯನ್ನು ಮರೆಮಾಚಿದ ಲೇಖನಗಳಿಗೇ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಸಿಗುತ್ತದೆ ಎಂದು ಕಂಡುಕೊಂಡಿತು.

ಪಕ್ಕದ ಮನೆಯ ಹುಡುಗ ಮೊಬೈಲ್ ಹಿಡಿದು ಬಂದ. “ಸರ್, ಮರೆವಿನ ಕಾಯಿಲೆ ವಾಸಿ ಆಗೈತಂತೆ, ಸ್ಕ್ಯಾನ್ ಫೋಟೋನೂ ಹಾಕ್ಯಾರ. ನಮ್ಮಜ್ಜಿಗೂ ಆ ಪುಡಿ ತರ್ಸನೇನು?” ಎಂದ. ಫೋಟೋದಲ್ಲಿದ್ದದ್ದು ಇಲಿಯ ಮಿದುಳು. ಅವನಜ್ಜಿ ಬಿಪಿ ಮಾತ್ರೆ ನಿಲ್ಲಿಸಿ ಬಹಳ ದಿನವಾಗಿತ್ತು, ಅದನ್ನು ಯಾರೂ ಕೇಳಿರಲಿಲ್ಲ. ಪುಡಿ ಮಾರುವವನಿಗೆ ಆ ಫೋಟೋ ಎಲ್ಲಿಂದ ಸಿಕ್ಕಿತು? ಪ್ರಯೋಗಾಲಯದವರು ನಾವು ಹಾಗೆ ಹೇಳಿಯೇ ಇಲ್ಲ ಎಂದು ಕೈತೊಳೆದುಕೊಳ್ಳಬಹುದು. ಹಾಗೆ ಕಾಣುವಂತೆ ಅಚ್ಚು ಹಾಕಿಸಿದವರು ಅವರೇ.

ನಡುಕದ ಕಾಯಿಲೆಯ, ಅಂದರೆ ಪಾರ್ಕಿನ್ಸನ್ ಕಾಯಿಲೆಯ ಕತೆ ಇದಕ್ಕಿಂತ ಹೆಚ್ಚು ಹೇಳುತ್ತದೆ, ನಮ್ಮ ಭತ್ತದ ಸೀಮೆಗೆ ಹತ್ತಿರವೂ ಹೌದು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಲ್ಲಿ ತಯಾರಾದ ಮಾದಕ ದ್ರವ್ಯ ಚುಚ್ಚಿಕೊಂಡ ಕೆಲವು ಯುವಕರು ರಾತ್ರಿ ಬೆಳಗಾಗುವುದರಲ್ಲಿ ಮರಗಟ್ಟಿದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಿಷ ಮಿದುಳಿನ ಕಪ್ಪು ನರಕೋಶಗಳನ್ನು ಕೊಂದಿತ್ತು. ಅದಾದ ಮೇಲೆ ಆ ವಿಷವನ್ನು ಕೋತಿಗೆ, ಇಲಿಗೆ ಚುಚ್ಚಿ ಪಾರ್ಕಿನ್ಸನ್ ಮಾದರಿ ಮಾಡಿಕೊಂಡರು. ಆ ವಿಷ ಇಲಿಯ ಎಲ್ಲ ತಳಿಗೂ ಒಂದೇ ರೀತಿ ತಾಗುವುದಿಲ್ಲ. ಸಿ57 ಎಂಬ ಕಪ್ಪಿಲಿಗೆ ಚೆನ್ನಾಗಿ ತಾಗುತ್ತದೆ, ಸಿಡಿ-1 ಎಂಬ ಬಿಳಿ ಇಲಿ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಒಂದೇ ದಿನದಲ್ಲಿ ಕೊಟ್ಟ ವಿಷದ ಪೆಟ್ಟನ್ನು ಸ್ಕ್ಯಾನಿನಲ್ಲಿ ನೋಡಿ, ಇಪ್ಪತ್ತು ವರ್ಷ ನಿಧಾನವಾಗಿ ಏರುವ ಕಾಯಿಲೆಯ ಹಾದಿ ಸಿಕ್ಕಿತು ಎನ್ನುವುದು ಯಾವ ತರ್ಕ?

ಇಲ್ಲಿ ದಾರಿ ತೋರಿದವರು ಮನುಷ್ಯರು, ಇಲಿ ಹಿಂದಿನಿಂದ ಬಂತು ಎಂಬುದನ್ನು ಮರೆಯಬಾರದು. ಎಂಪಿಟಿಪಿ ಮಿದುಳಿನೊಳಗೆ ಬದಲಾಗಿ ಆಗುವ ವಿಷಕ್ಕೂ ಪ್ಯಾರಾಕ್ವಾಟ್ ಕಳೆನಾಶಕಕ್ಕೂ ರಚನೆಯಲ್ಲಿ ಹೋಲಿಕೆ ಇದೆ. ಅದು ನಿಜಕ್ಕೂ ಅಪಾಯವೇ ಎಂದು ತಿಳಿಯಲು ಅಮೆರಿಕದಲ್ಲಿ ಕೀಟನಾಶಕ, ಕಳೆನಾಶಕ ಸಿಂಪಡಿಸುವ ರೈತರನ್ನೇ ಕೂರಿಸಿ ಕೇಳಿದರು. ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸಂಭವ ಸುಮಾರು ಎರಡೂವರೆ ಪಟ್ಟು ಎಂದು 2011ರಲ್ಲಿ ವರದಿಯಾಯಿತು. ಯುರೋಪಿನ ಒಕ್ಕೂಟದಲ್ಲಿ 2007ರಿಂದಲೇ ಅದಕ್ಕೆ ಅನುಮತಿ ಇಲ್ಲ. ಕಂಪ್ಲಿ, ಗಂಗಾವತಿ ಕಡೆಯ ಗದ್ದೆ ಬದುಗಳಲ್ಲಿ, ನಮ್ಮ ಬಾಳೆ ತೋಟಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವ ಕೂಲಿಯವನ ಕೈಗೆ ಗ್ಲೌಸಿಲ್ಲ, ಮೂಗಿಗೆ ಟವೆಲ್ಲೇ ಗತಿ. ಯಾವ ಎಣ್ಣೆ, ಎಷ್ಟು ವರ್ಷ, ಗಾಳಿ ಎದುರಿಗಿದ್ದಾಗಲೂ ಹೊಡೆದೆಯಾ, ಈಗ ಕೈ ನಡುಗುತ್ತದೆಯೇ ಎಂದು ಅವನನ್ನು ಕೇಳಲು ಟೆಸ್ಲಾ ಲೆಕ್ಕದ ಅಯಸ್ಕಾಂತ ಬೇಕಿಲ್ಲ. ಒಂದು ಪ್ರಶ್ನಾವಳಿ, ತರಬೇತಿ ಪಡೆದ ಒಬ್ಬ ಆಶಾ ಕಾರ್ಯಕರ್ತೆ, ಇಪ್ಪತ್ತು ವರ್ಷದ ತಾಳ್ಮೆ ಬೇಕು. ಮೂರನೆಯದಕ್ಕೆ ಅನುದಾನ ಸಿಗುವುದಿಲ್ಲ.

ಮನುಷ್ಯರ ಮಿದುಳನ್ನೇ ನೋಡಿದರೆ ಎಂಥ ಅನಿರೀಕ್ಷಿತ ಸಿಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. 1998ರಲ್ಲಿ ನಿಮ್ಹಾನ್ಸ್‌ನ ವಿಜ್ಞಾನಿಗಳು ಬೇರೆ ಕಾರಣಗಳಿಂದ ತೀರಿಕೊಂಡ ಭಾರತೀಯರ ಮಿದುಳುಗಳಲ್ಲಿ ಕಪ್ಪು ನರಕೋಶಗಳನ್ನು ಎಣಿಸಿದರು. ಬ್ರಿಟನ್ನಿನವರ ಮಿದುಳಿಗೆ ಹೋಲಿಸಿದರೆ ಅವು ಸುಮಾರು ಶೇ. 40ರಷ್ಟು ಕಡಿಮೆ. ಹಾಗಿದ್ದರೆ ನಮ್ಮಲ್ಲಿ ಪಾರ್ಕಿನ್ಸನ್ ಹೆಚ್ಚಿರಬೇಕಿತ್ತು, ಅಲ್ಲವೇ? ಇಲ್ಲಿ ಅದು ಅಲ್ಲಿಗಿಂತ ಕಡಿಮೆ. ಇನ್ನೂ ಅಚ್ಚರಿಯೆಂದರೆ, ಪಶ್ಚಿಮದ ಪಠ್ಯಪುಸ್ತಕಗಳು ಹೇಳುವಂತೆ ವಯಸ್ಸಾದಂತೆ ಆ ಕೋಶಗಳು ಉದುರುತ್ತಾ ಹೋಗುವುದು ನಮ್ಮವರಲ್ಲಿ ಕಾಣಲಿಲ್ಲ. 2009ರಲ್ಲಿ ಅದೇ ಸಂಸ್ಥೆಯ ಇನ್ನೊಂದು ತಂಡ ಬೇರೆ ವಿಧಾನದಿಂದ ಎಣಿಸಿದಾಗಲೂ ವಯಸ್ಸಿನ ನಷ್ಟ ಹೇಳಿಕೊಳ್ಳುವಂತಿರಲಿಲ್ಲ. ಈ ಒಗಟು ಹುಟ್ಟಿದ್ದೇ ಮನುಷ್ಯರ ಮಿದುಳಿನಿಂದ. ಎಂಪಿಟಿಪಿ ತಾಗುವ, ತಾಗದ ಇಲಿ ತಳಿಗಳನ್ನು ಕೂಡಿಸಿ ನೋಡುವ ಕೆಲಸ ನಿಮ್ಹಾನ್ಸ್‌ನಲ್ಲಿ ಆಮೇಲೆ ನಡೆಯಿತು. ಆ ಕ್ರಮ ಸರಿ: ಮೊದಲು ಮನುಷ್ಯ, ಅವನಲ್ಲಿ ಕಂಡ ಪ್ರಶ್ನೆ, ಆಮೇಲೆ ಆ ಪ್ರಶ್ನೆಯ ಒಂದು ತುಣುಕನ್ನು ಇಲಿಯಲ್ಲಿ ಪರೀಕ್ಷಿಸುವುದು. ಇಂದು ಜಗತ್ತಿನ ಹೆಚ್ಚಿನ ಕಡೆ ನಡೆಯುತ್ತಿರುವುದು ತಲೆಕೆಳಗು.

ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ಹೊಸಪೇಟೆ, ಕಂಪ್ಲಿ ಸೀಮೆಯಲ್ಲಿ ಒಂದೇ ಭಾಷೆ ಮಾತಾಡುವವರನ್ನು ಹುಡುಕಬೇಕು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಗ್ಯಾರೇಜಿನಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಶಾಲೆಯ ಮೆಟ್ಟಿಲು ಹತ್ತದವರೂ ಎರಡು ಮೂರು ಭಾಷೆ ಆಡುತ್ತಾರೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅನಕ್ಷರಸ್ಥರಲ್ಲೂ ಕೂಡ. ನಾಲ್ಕೂವರೆ ವರ್ಷ! ಲೆಕಾನೆಮಾಬಿನ 0.45 ಅಂಕವನ್ನು ಇದರ ಪಕ್ಕ ಇಟ್ಟು ನೋಡಿ. ಇಲಿಗೆ ಎಷ್ಟು ಜೀನ್ ತುರುಕಿದರೂ ಕನ್ನಡ, ತೆಲುಗು ಕಲಿಸಲಾಗದು.

ಎದುರಾಳಿಗಳ ಬಲವಾದ ವಾದಗಳು ಎರಡಿವೆ, ಅವನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಒಂದೇ ಇಲಿಯನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರೆ ಪ್ರತಿ ಹಂತಕ್ಕೂ ಬೇರೆ ಬೇರೆ ಇಲಿಗಳನ್ನು ಕೊಲ್ಲುವುದು ತಪ್ಪುತ್ತದೆ ಎಂಬುದು ಒಂದು. ನಿಜ, ಅದು ಕರುಣೆಯ ಮಾತೂ ಹೌದು. ಪ್ರಾಣಿಗಳನ್ನೇ ಮುಟ್ಟಬೇಡಿ ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಕಡಿಮೆ ಇಲಿಗಳಿಂದ ತಪ್ಪು ಉತ್ತರ ಪಡೆದರೆ ಉಳಿತಾಯವಾದದ್ದು ಇಲಿ ಮಾತ್ರ. ಮನುಷ್ಯರ ಕಾಯಿಲೆ ಇಪ್ಪತ್ತು ವರ್ಷ ಹಿಡಿಯುತ್ತದೆ, ಅಷ್ಟು ಕಾಯಲು ಯಾರಿಗೆ ಸಾಧ್ಯ, ಇಲಿಯಲ್ಲಿ ಎರಡೇ ವರ್ಷದಲ್ಲಿ ಮುಗಿಯುತ್ತದೆ ಎಂಬುದು ಇನ್ನೊಂದು. ಈ ಅವಸರವೇ ಮೂಲ ರೋಗ. 1995ರ ಮೊದಲ ಇಲಿ ತಳಿಯಿಂದ ಇಲ್ಲಿಯವರೆಗೆ ಮೂವತ್ತು ವರ್ಷ ಕಳೆದಿದೆ. ಆ ವರ್ಷವೇ ನಾಲ್ಕು ಜಿಲ್ಲೆಗಳಲ್ಲಿ ನಲವತ್ತೈದು ದಾಟಿದವರನ್ನು ಹಿಂಬಾಲಿಸಲು ಶುರು ಮಾಡಿದ್ದರೆ ಈಗ ಅವರು ಎಪ್ಪತ್ತೈದು ದಾಟಿರುತ್ತಿದ್ದರು, ಯಾರಿಗೆ ಮರೆವು ಬಂತು, ಯಾರಿಗೆ ಬರಲಿಲ್ಲ, ಯಾಕೆ ಎಂಬುದು ಕೈಯಲ್ಲಿರುತ್ತಿತ್ತು.

ಅಂಥ ಕೆಲಸ ಈಗ ಒಂದು ಕಡೆ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಾನುವರ್ಷ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ರಕ್ತ, ವಂಶವಾಹಿ, ಜ್ಞಾಪಕ ಪರೀಕ್ಷೆ, ಎಂಆರ್‌ಐ ಎಲ್ಲವೂ ಉಂಟು. ಅಲ್ಲಿ ಸ್ಕ್ಯಾನರಿನೊಳಗೆ ಮಲಗುವುದು ರಾಗಿ, ಮಾವು ಬೆಳೆಯುವ ಸೀಮೆಯ ಮನುಷ್ಯರು. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆಯೂ ಇದೆ. ಆದರೆ ಕೋಲಾರದ ಮಣ್ಣು, ನೀರು, ಊಟ ಬೇರೆ. ತುಂಗಭದ್ರೆಯ ಬಯಲಿನ ಎಣ್ಣೆ ಹೊಡೆಯುವ ಕೈಗಳು, ಸಂಡೂರಿನ ಅದಿರು ಲಾರಿಗಳ ಕೆಂಧೂಳಿನಲ್ಲಿ ಉಸಿರಾಡಿದವರು, ತೋರಣಗಲ್ಲಿನ ಕುಲುಮೆಗಳ ಪಕ್ಕ ಮುದುಕರಾದವರು ಆ ಹತ್ತು ಸಾವಿರದಲ್ಲಿಲ್ಲ. ವಾಯುಮಾಲಿನ್ಯ, ಕಿವುಡು, ರಕ್ತದೊತ್ತಡ, ಓದಿನ ಕೊರತೆ ಸೇರಿ ತಪ್ಪಿಸಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಡೆಯಲು ಇಲ್ಲವೇ ಮುಂದೂಡಲು ಸಾಧ್ಯ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿತು. ಆ ಪಟ್ಟಿಯನ್ನು ಹಿಡಿದು ನಮ್ಮ ಮೂರು ತಾಲ್ಲೂಕು ಸುತ್ತಿದರೆ ಪ್ರತಿ ಮನೆಯಲ್ಲೂ ಎರಡು ಮೂರು ಸಿಗುತ್ತವೆ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೇಳಿಕೆ ಇಷ್ಟು. ಇಲಿಯ ಸ್ಕ್ಯಾನರಿಗೆ ಬೀಗ ಹಾಕಬೇಡಿ. ಔಷಧಿ ಮಿದುಳನ್ನು ತಲುಪುತ್ತದೆಯೇ, ರಕ್ತನಾಳ ಸೋರುತ್ತದೆಯೇ ಎಂದು ನೋಡಲು ಇಟ್ಟುಕೊಳ್ಳಿ. ರೋಗದ ಜಾಡು ಹಿಡಿಯುತ್ತಿದ್ದೇವೆ ಎಂದು ಬರೆಯುವುದನ್ನು ನಿಲ್ಲಿಸಿ. ಸಂಪಾದಕರು ಇಲಿ ಎಂಬ ಶಬ್ದವನ್ನು ತಲೆಬರಹದಲ್ಲೇ ಹಾಕಲಿ. ಇನ್ನೊಂದು ಶ್ರೀನಿವಾಸಪುರವನ್ನು ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಆರಂಭಿಸಿ. ಕಾಯಿಲೆಯಿಂದ ತೀರಿಕೊಂಡವರ ಮಿದುಳನ್ನು ಮನೆಯವರ ಒಪ್ಪಿಗೆಯಿಂದ ಪಡೆದು ಕಾಪಾಡುವ ಬ್ಯಾಂಕು ನಿಮ್ಹಾನ್ಸ್‌ನಲ್ಲಿ 1995ರಿಂದ ಇದೆ. ಆದರೆ ಮಿದುಳನ್ನು ಸಾವಿನ ನಂತರ ಗಂಟೆಗಳ ಲೆಕ್ಕದಲ್ಲಿ ತೆಗೆದಿಡಬೇಕು, ಹೊಸಪೇಟೆಯಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ದೂರ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೇ ಅದನ್ನು ಸ್ವೀಕರಿಸುವ ವ್ಯವಸ್ಥೆ ಆಗಬೇಕು. ಕೊಡಲು ಮುಂದೆ ಬರುವ ಮನೆಗಳು ನಮ್ಮೂರಿನಲ್ಲೂ ಇವೆ, ಯಾರಾದರೂ ಬಂದು ಕೇಳಲಿ.